ಅವ್ವನ 80ನೇ ವರ್ಷಕ್ಕೆ ಅಕ್ಕನ ಮಗ ಗಿಟಾರ್ ಹಿಡಿದು ಹಾಡ್ತಾನೆ, ಯಾವ ಹಾಡು ಕೊಡೋಣ?

ನವನಗರದ ಚಿಗವ್ವ
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಅವ್ವನಿಗೆ 80 ತುಂಬುತ್ತದೆ. ಮಾಳಿಗೆ ಮೇಲೆ ಪೆಂಡಾಲ್ ಹಾಕಿಸಿ ಬಳಗದವರನ್ನೆಲ್ಲ ಕರೆದಿದ್ದೇವೆ. ಸುಮಾರು 150 ಮಂದಿ ಆಗಬಹುದು. ನಮ್ಮದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರು. ಒಂದೇ ಓಣಿಯಲ್ಲಿದ್ದವರು ಈಗ ಹುಬ್ಬಳ್ಳಿ, ಸೊಲ್ಲಾಪುರ, ಪುಣೆ ಅಂತ ಚದುರಿದ್ದಾರೆ. ಎಲ್ಲರೂ ಒಂದು ಕಡೆ ಸೇರೋದು ಅಪರೂಪ.

ಅಕ್ಕನ ಮಗನಿಗೆ 14 ವರ್ಷ. ಒಂದೂವರೆ ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾನೆ. ಜಿ, ಸಿ, ಡಿ, ಇ ಮೈನರ್ ಕಾರ್ಡ್ ಚೆನ್ನಾಗಿ ಬರುತ್ತವೆ. ಎಫ್ ಇನ್ನೂ ಕೂಡುತ್ತಿಲ್ಲ. ದನಿ ಚೆನ್ನಾಗಿದೆ, ನಾಚಿಕೆ ಜಾಸ್ತಿ.

ಹೋದ ವರ್ಷ ಒಂದು ಮದುವೆಯಲ್ಲಿ ಇಂಗ್ಲಿಷ್ ಹಾಡು ಹಾಡಿದ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಯಾರೋ "ಪಂಕ್ತಿ ಹಾಕ್ಯಾರ, ಏಳ್ರಿ" ಅಂತ ಕೂಗಿದರು. ಕುರ್ಚಿ ಸರಿಸೋ ಸದ್ದಿನಲ್ಲಿ ಅವನ ದನಿ ಕೇಳಲೇ ಇಲ್ಲ. ಅವನು ನಿಲ್ಲಿಸಲಿಲ್ಲ, ಪೂರ್ತಿ ಹಾಡಿದ. ಆದರೆ ಒಂದು ಸಲವೂ ತಲೆ ಎತ್ತಲಿಲ್ಲ. ಮನೆಗೆ ಬಂದು ಗಿಟಾರ್ ಚೀಲದ ಜಿಪ್ ಎಳೆದವನು ಎರಡು ವಾರ ತೆಗೆಯಲಿಲ್ಲ. ಈ ಸಲ ಹಾಗಾಗಬಾರದು. ನಾಲ್ಕೈದು ಹಾಡು ಸಾಕು. ಮುದುಕರಿಗೂ ಹುಡುಗರಿಗೂ ಹಿಡಿಸುವಂಥದ್ದು ಹೇಳಿ.

ಬೀಳಗಿ ಬಿಸಿಲು
ಬೊಂಬೆ ಹೇಳುತೈತೆ. ಬೇರೆ ಮಾತೇ ಇಲ್ಲ.

ಅಥಣಿ ಅಂಚು
ಅಕ್ಕಾ, ಬೇಜಾರಾಗಬೇಡಿ. ಮಾಳಿಗೆ ಮೇಲೆ 150 ಮಂದಿ ಅಂದರೆ ಬರೀ ಗಿಟಾರ್ ಸಾಕಾಗಲ್ಲ. ಹುಡುಗರು ಡಿಜೆ ಕೇಳ್ತಾರೆ. ಗಿಟಾರ್ ಒಂದು ಹಾಡಿಗೆ ಇಟ್ಟು ಉಳಿದದ್ದು ಸ್ಪೀಕರ್‌ಗೆ ಬಿಡಿ.

ಟಿಳಕವಾಡಿ ತಂತಿ
ಡಿಜೆ ಮಾತು ಆಮೇಲೆ ನೋಡೋಣ. ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಹಾಡು ಆರಿಸೋಕೆ ಮೊದಲು ಒಂದು ವಿಷಯ ಕೇಳಬೇಕು. ಹುಡುಗನ ದನಿ ಒಡೆದಿದೆಯಾ? 14 ಅಂದರೆ ಸರಿಯಾಗಿ ಆ ಹೊತ್ತು. ಈ ತಿಂಗಳು ಮುಟ್ಟೋ ಮೇಲಿನ ಸ್ವರ ಮುಂದಿನ ತಿಂಗಳು ಸಿಗದೇ ಇರಬಹುದು. ಮನೆಯವರು ಹಾಡು ಆರಿಸುವಾಗ ಮೂಲ ಗಾಯಕರ ಎತ್ತರವನ್ನೇ ಇಟ್ಟುಕೊಳ್ತಾರೆ. ಹುಡುಗ ಪಲ್ಲವಿ ಚೆನ್ನಾಗಿ ಹಾಡ್ತಾನೆ, ಚರಣದಲ್ಲಿ ದನಿ ಸೀಳುತ್ತದೆ. ಅಲ್ಲಿಂದ ತಲೆ ಕೆಳಗೆ.

ಉದಾಹರಣೆಗೆ ಮುಂಗಾರು ಮಳೆಯ ಅನಿಸುತಿದೆ. 2006ರಿಂದ ಇವತ್ತಿನವರೆಗೆ ಗಿಟಾರ್ ಹಿಡಿದ ಪ್ರತಿ ಹುಡುಗನೂ ಅದನ್ನೇ ಕೇಳ್ತಾನೆ. ಶುರು ಮೆಲ್ಲಗಿದೆ, ಆದರೆ ಅದು ಸೋನು ನಿಗಮ್ ಹಾಡಿದ ಹಾಡು, ಮುಂದೆ ಏರುತ್ತದೆ. ಮೊದಲು ಅತಿ ಎತ್ತರದ ಸಾಲನ್ನು ಹಾಡಿಸಿ ನೋಡಿ. ಅದು ಸಲೀಸಾಗಿ ಬಂದರೆ ಮಾತ್ರ ಹಾಡನ್ನು ಪಟ್ಟಿಗೆ ಸೇರಿಸಿ. ಬರದಿದ್ದರೆ ಶ್ರುತಿ ಇಳಿಸಿ.

ನವನಗರದ ಚಿಗವ್ವ
ಸರ್, ನೀವು ಹೇಳಿದ ಹಾಗೇ ಇದೆ. ಎರಡು ತಿಂಗಳಿಂದ ದನಿ ಮಾತಿನ ನಡುವೆ ಒಮ್ಮೆ ದಪ್ಪ, ಒಮ್ಮೆ ಸಣ್ಣ ಆಗ್ತಿದೆ. ಅದಕ್ಕೇ ಇನ್ನೂ ನಾಚಿಕೆ.

ಇಳಕಲ್ ಸೆರಗು
ತಂಗೀ, ದಿನಾ ರಾತ್ರಿ ಜ್ಯೇಷ್ಠಮಧು, ಕಲ್ಲುಸಕ್ಕರೆ ಬಾಯಲ್ಲಿ ಇಟ್ಟುಕೊಳ್ಳೋಕೆ ಹೇಳು. ದನಿ ಸರಿಹೋಗುತ್ತದೆ.

ಟಿಳಕವಾಡಿ ತಂತಿ
ಅಕ್ಕಾವರೇ, ಅದು ಗಂಟಲು ಕೆಟ್ಟಾಗಿನ ಔಷಧಿ. ಇಲ್ಲಿ ಗಂಟಲು ಕೆಟ್ಟಿಲ್ಲ, ಬೆಳೆಯುತ್ತಿದೆ. ಒಳಗಿನ ಧ್ವನಿತಂತು ಉದ್ದ ಆಗ್ತವೆ, ದಪ್ಪ ಆಗ್ತವೆ, ದನಿ ಇಳಿಯುತ್ತದೆ. ಜೋರು ಮಾಡಿ ಹಾಡಿಸಬಾರದು, ಅಷ್ಟೇ. ಅದು ನಾಚಿಕೆ ಪಡೋ ವಿಷಯ ಅಲ್ಲ ಅಂತ ಮನೆಯ ಗಂಡಸರು ಯಾರಾದರೂ ಅವನಿಗೆ ಹೇಳಲಿ. ನನಗೆ ಆ ವಯಸ್ಸಿನಲ್ಲಿ ಯಾರೂ ಹೇಳಲಿಲ್ಲ. ಎರಡು ವರ್ಷ ಹಾಡುವುದನ್ನೇ ಬಿಟ್ಟಿದ್ದೆ.

ಇಳಕಲ್ ಸೆರಗು
ಹೌದಾ, ಗೊತ್ತಿರಲಿಲ್ಲ ಸರ್. ನನ್ನ ಮಗನೂ ಹಾಗೇ ಹಾಡು ಬಿಟ್ಟ. ಈಗ ಅರ್ಥ ಆಯ್ತು.

ಮುಧೋಳ ಮಣ್ಣು
ನಮ್ಮ ಕಡೆಯ ಸಮಾರಂಭಕ್ಕೆ ನಮ್ಮ ಕಡೆಯ ಪದ ಬೇಕು. ಹಲಗಲಿ ಬೇಡರ ಲಾವಣಿ ಹಾಡಿಸಿ. 1857ರ ಕಥೆ, ನಮ್ಮ ತಾಲೂಕಿನ ಊರು. ಮುದುಕರು ಎದ್ದು ನಿಂತು ಕೇಳ್ತಾರೆ.

ಜಮಖಂಡಿ ಹಾರ್ಮೋನಿಯಂ ಕಾಕಾ
ಮುಧೋಳದವರೇ, ಲಾವಣಿ ನನಗೂ ಜೀವ. ಆದರೆ ಅದು ಒಬ್ಬನ ಕೆಲಸ ಅಲ್ಲ. ಗೀಗೀ ಮೇಳದಲ್ಲಿ ದಪ್ಪು ಬೇಕು, ತುಂತುಣಿ ಬೇಕು, ಹಿಂದಿನಿಂದ ಗೀ ಎಳೆಯೋರು ಬೇಕು. 14ರ ಹುಡುಗ ಗಿಟಾರ್ ಮೇಲೆ ಲಾವಣಿ ಎತ್ತಿದರೆ ಆ ಬಿಸಿ ಬರಲ್ಲ. ಹುಡುಗನಿಗೂ ಅನ್ಯಾಯ, ಲಾವಣಿಗೂ ಅನ್ಯಾಯ.

ನಾನು ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವನು. ಇಡೀ ರಾತ್ರಿ ಆಟ. ನಾವು ಕಂಡದ್ದು ಒಂದೇ. ಜನ ಹೊಸ ಹಾಡಿಗೆ ಕಿವಿ ಕೊಡ್ತಾರೆ, ಗೊತ್ತಿರೋ ಹಾಡಿಗೆ ಬಾಯಿ ಕೊಡ್ತಾರೆ. ರಾತ್ರಿ ಎರಡು ಗಂಟೆಗೆ ಮಂದಿ ತೂಕಡಿಸುವಾಗ ಗೊತ್ತಿರೋ ಪದ ಎತ್ತಿದರೆ ಸಾಕು, ಹಿಂದೆ ಕಂಬಳಿ ಹೊದ್ದು ಮಲಗಿದವನೂ ದನಿಗೂಡಿಸ್ತಿದ್ದ. ಹುಡುಗನಿಗೆ ಇಂಥ ಹಾಡು ಕೊಡಿ. ಮೊದಲ ಸಾಲು ಅವನದು, ಎರಡನೇ ಸಾಲಿಗೆ ಮಂದಿ ಬರಬೇಕು. ಆಗ ನಾಚಿಕೆ ತಾನೇ ಹೋಗುತ್ತದೆ.

ನನ್ನ ಆಯ್ಕೆ ಶಿಶುನಾಳ ಶರೀಫರ ಕೋಡಗನ ಕೋಳಿ ನುಂಗಿತ್ತ. ಆ 'ನುಂಗಿತ್ತ' ಮತ್ತೆ ಮತ್ತೆ ಬರುತ್ತದೆ, ಅದನ್ನು ಮಂದಿಗೆ ಬಿಟ್ಟುಬಿಡಲಿ.

ಬೀಳಗಿ ಬಿಸಿಲು
ಕಾಕಾ ಹೇಳಿದ್ದು ಖರೆ. ಬೊಂಬೆ ಹೇಳುತೈತೆ ನಾನು ಹೇಳಿದ್ದೂ ಅದಕ್ಕೇ. ಹಾಡು ಬಂದದ್ದು 2017ರ ರಾಜಕುಮಾರದಲ್ಲಿ. ಅದರ ಹಿಂದೆ 1971ರ ಕಸ್ತೂರಿ ನಿವಾಸದ ಆಡಿಸಿ ನೋಡು ಬೀಳಿಸಿ ನೋಡು ಇದೆ. ಮುದುಕರಿಗೆ ಅಪ್ಪ ರಾಜ್‌ಕುಮಾರರ ನೆನಪು, ನಮಗೆ ಮಗ ಪುನೀತರ ನೆನಪು. 2021ರಲ್ಲಿ ಅಪ್ಪು ಹೋದ ಮೇಲೆ ಈ ಹಾಡು ಬಂದರೆ ಮೊಬೈಲ್ ಲೈಟು ತಾವೇ ಹತ್ತುತ್ತವೆ. ನಮ್ಮೂರ ಗಣೇಶನ ಮುಂದೆ ಪ್ರತಿ ವರ್ಷ ನೋಡಿದ್ದೇನೆ.

ಖಾನಾಪುರ ಮಳೆ
ಆ ಹಾಡನ್ನು ಕೊನೆಗೆ ಇಡಿ, ಮೊದಲಿಗೆ ಬೇಡ. ಜನ ಕಣ್ಣೊರೆಸಿಕೊಂಡ ಮೇಲೆ ಮತ್ತೆ ನಗಿಸೋದು ಕಷ್ಟ.

ಗೋಳಗುಮ್ಮಟದ ಪಾರಿವಾಳ
ಎರಡು ಹಾಡು ವಿಜಯ್ ಪ್ರಕಾಶ್ ಅವರದೇ ಇರಲಿ. ಬೊಂಬೆ ಹೇಳುತೈತೆ, ಮತ್ತೆ ಕಿರಿಕ್ ಪಾರ್ಟಿಯ ಬೆಳಗೆದ್ದು ಯಾರ ಮುಖವ. ಹುಡುಗಿಯರು ಪೂರ್ತಿ ಹಾಡ್ತಾರೆ, ಬರೆದಿಟ್ಟುಕೊಳ್ಳಿ.

ಅಥಣಿ ಅಂಚು
ಸೊಲ್ಲಾಪುರ, ಪುಣೆಯಿಂದ ಬಂದ ಮಕ್ಕಳಿಗೆ ಕನ್ನಡ ಸಿನಿಮಾ ಹಾಡು ಏನು ಗೊತ್ತಿರುತ್ತದೆ? ಹಿಂದಿ ಎರಡು ಇಡಿ.

ಮುಧೋಳ ಮಣ್ಣು
ಅವ್ವನ ಕಾರ್ಯಕ್ರಮಕ್ಕೆ ಹಿಂದಿ ಯಾಕೆ? ಅವರಿಗೆ ಏನು ತಿಳಿಯುತ್ತದೆ?

ಅಥಣಿ ಅಂಚು
ನಮ್ಮ ಮನೆಯಲ್ಲೇ ನಾಲ್ಕು ಭಾಷೆ ಇವೆ ಅಣ್ಣಾ. ಯಾರೂ ಯಾರದ್ದೂ ಕಸಿದುಕೊಂಡಿಲ್ಲ. ಬಂದ ಮಕ್ಕಳು ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂರಬಾರದು, ಅದಕ್ಕೆ ಹೇಳಿದೆ.

ಜಮಖಂಡಿ ಹಾರ್ಮೋನಿಯಂ ಕಾಕಾ
ಇಬ್ಬರೂ ತಡೀರಿ. ಭಾಗ್ಯದ ಲಕ್ಷ್ಮೀ ಬಾರಮ್ಮ ಇಡಿ. ಪುರಂದರದಾಸರ ಪದ. ಗದಗಿನ ಕಡೆಯ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ ಅಭಂಗವನ್ನೂ ಹಾಡಿದರು, ಇದನ್ನೂ ಹಾಡಿದರು. ಸೊಲ್ಲಾಪುರ, ಪುಣೆಯ ಮನೆಗಳಲ್ಲಿ ಇದು ಗೊತ್ತಿಲ್ಲದವರು ಕಡಿಮೆ. ಆದರೆ ಹುಡುಗ ಜೋಶಿಯವರ ಹಾಗೆ ತಾನ್ (ವೇಗದ ಸ್ವರಸರಣಿ) ಹೊಡೆಯೋಕೆ ಹೋಗಬಾರದು. ಮನೆಯಲ್ಲಿ ಶುಕ್ರವಾರ ಹೆಂಗಸರು ಹಾಡುವ ಹಾಗೆ ನೇರ ಹಾಡಲಿ.

ಅಥಣಿ ಅಂಚು
ಇದು ಒಪ್ಪಿದೆ ಕಾಕಾ.

ಖಾನಾಪುರ ಮಳೆ
ಸೊಲ್ಲಾಪುರದವರು ಬರುವಾಗ ಶೇಂಗಾ ಚಟ್ನಿ ತರಲಿ. ಹೋಗುವಾಗ ನೀವು ಅಮೀನಗಡದ ಕರದಂಟು ಕಟ್ಟಿಕೊಡಿ.

ಗೋಕಾಕ ಗಾಳಿ
ಕರದಂಟು ಅಂದರೆ ಗೋಕಾಕದ್ದು. ಅಮೀನಗಡದ್ದು ಹಲ್ಲಿಗೆ ಅಂಟುತ್ತದೆ.

ಇಳಕಲ್ ಸೆರಗು
ನಿಮ್ಮ ಹಲ್ಲು ನೋಡಿಸಿಕೊಳ್ಳಿ. ಅಮೀನಗಡ ನಮಗೆ ಹತ್ತಿರ. ವಾರಕ್ಕೊಮ್ಮೆ ತಿನ್ನುತ್ತೇವೆ, ಏನೂ ಆಗಿಲ್ಲ.

ಮುಧೋಳ ಮಣ್ಣು
ದಯವಿಟ್ಟು ಹಾಡಿನ ಮಾತಿಗೆ ಬನ್ನಿ. ಅಕ್ಕ ಪಾಪ ಕಾಯ್ತಿದ್ದಾರೆ.

ಗೋಕಾಕ ಗಾಳಿ
ಸರಿ, ನನ್ನದೊಂದು. ಶರೀಫರ ಬಿದ್ದೀಯಬೇ ಮುದುಕಿ. ಗಿಟಾರ್ ಮೇಲೆ ತಾಳ ಹೊಡೆದುಕೊಂಡು ಹಾಡಿದರೆ ಇಡೀ ಪೆಂಡಾಲ್ ಕುಣಿಯುತ್ತದೆ.

ಇಳಕಲ್ ಸೆರಗು
80 ತುಂಬಿದ ಹಿರಿಯರ ಮುಂದೆ ಮೊಮ್ಮಗ "ಮುದುಕಿ ಬಿದ್ದೀಯ" ಅಂತ ಹಾಡಬೇಕಾ? ನಾಲ್ಕು ಜನ ಏನಂತಾರೆ? ಇದು ಬೇಡ ತಂಗೀ.

ಗೋಕಾಕ ಗಾಳಿ
ಅದು ಬೈಗುಳ ಅಲ್ಲ ಅಕ್ಕಾ. ಜೋಪಾನವಾಗಿ ನಡಿ ಅಂತ ಹೇಳೋ ಪದ. ಎಚ್ಚರ ಹೇಳೋದು ನಮ್ಮೆಲ್ಲರಿಗೂ.

ಜಮಖಂಡಿ ಹಾರ್ಮೋನಿಯಂ ಕಾಕಾ
ಒಳ ಅರ್ಥ ಬಲ್ಲವರ ನಡುವೆ ಹಾಡಿದರೆ ಚೆಂದ. ಆದರೆ ಸಮಾರಂಭದಲ್ಲಿ ಮೇಲಿನ ಮಾತು ಮೊದಲು ಕಿವಿಗೆ ಬೀಳುತ್ತದೆ. ಹಾಗೇ ಅಳಬೇಡ ತಂಗಿ ಅಳಬೇಡ. ಮದುವೆಯಲ್ಲಿ ಹೆಣ್ಣು ಕಳಿಸುವಾಗ ಎಷ್ಟೋ ಕಡೆ ಹಾಡಿಸುತ್ತಾರೆ. ಅದು ಲೋಕ ಬಿಟ್ಟು ಹೋಗುವ ಮಾತು. ಒಮ್ಮೆ ಒಂದು ಮದುವೆಯಲ್ಲಿ ಆ ಪದ ಶುರುವಾದಾಗ ಅರ್ಥ ತಿಳಿದ ಅಜ್ಜ ಒಬ್ಬರು ಎದ್ದು ಹೊರಗೆ ಹೋದದ್ದು ಕಣ್ಣಾರೆ ಕಂಡಿದ್ದೇನೆ. ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅವರ ಪದ ಇವತ್ತಿಗೂ ನಮ್ಮ ಬಾಯಲ್ಲಿವೆ. ಹಾಡೋ ಮುಂಚೆ ಅರ್ಥ ಕೇಳಿಕೊಳ್ಳಬೇಕು, ಅಷ್ಟು ಗೌರವ ಕೊಡಬೇಕು.

ನವನಗರದ ಚಿಗವ್ವ
ಮುದುಕಿ ಪದ ಬೇಡ ಅಂತ ನನಗೂ ಅನಿಸಿತು. ಕೋಡಗನ ಕೋಳಿ ಅವನಿಗೆ ಗೊತ್ತಿದೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರ ಪದ ಹಾಡೋದನ್ನು ನೋಡಿಯೇ ಅವನು ಗಿಟಾರ್ ಕೇಳಿದ್ದು.

ಗೋಳಗುಮ್ಮಟದ ಪಾರಿವಾಳ
ಹಾಗಾದರೆ ಲೋಕದ ಕಾಳಜಿ ಹಾಡಲಿ. ಅದು ಯಾವ ಸಮಾರಂಭಕ್ಕೂ ನಡೆಯುತ್ತದೆ. ಗುಡುಗುಡಿಯ ಸೇದಿ ನೋಡೋ ಮಾತ್ರ ಬೇಡ, 14ರ ಹುಡುಗನ ಬಾಯಲ್ಲಿ ಅದು ಸರಿ ಕಾಣಲ್ಲ.

ಖಾನಾಪುರ ಮಳೆ
ಬೇಂದ್ರೆಯವರ ಮೂಡಲ ಮನೆಯ ಇದ್ದರೆ ಎಷ್ಟು ಚೆಂದ ಅಲ್ವಾ? ಬೆಳ್ಳಿಮೋಡ ನೋಡಿದ ಹಿರಿಯರೆಲ್ಲ ಇರ್ತಾರೆ.

ಟಿಳಕವಾಡಿ ತಂತಿ
1967ರ ಹಾಡು, ನನಗೆ ಬಹಳ ಇಷ್ಟ. ಆದರೆ ಉಸಿರು ಉದ್ದ ಬೇಕು, ನಿಧಾನ ಬೇಕು. ನಿಧಾನದ ಹಾಡಿನಲ್ಲಿ ಚಿಕ್ಕ ತಪ್ಪೂ ಕೇಳುತ್ತದೆ. ಎರಡು ವರ್ಷ ಬಿಟ್ಟು ಹಾಡಲಿ.

ಕೇಪೋ, ಅಂದರೆ ಗಿಟಾರಿನ ಕುತ್ತಿಗೆಗೆ ಹಾಕೋ ಕ್ಲಿಪ್, ಅದರ ಬಗ್ಗೆ ಯಾರೂ ಹೇಳಲಿಲ್ಲ. ಹುಡುಗನ ಹತ್ತಿರ ಇಲ್ಲದಿದ್ದರೆ ಒಂದು ಕೊಡಿಸಿ. ಎಫ್ ಬರದಿದ್ದರೆ ಚಿಂತೆ ಇಲ್ಲ. ಬರುವ ನಾಲ್ಕು ಕಾರ್ಡ್ ಆಕಾರದಲ್ಲೇ ಹಿಡಿದು ಕೇಪೋ ಸರಿಸಿದರೆ ಶ್ರುತಿ ಬದಲಾಗುತ್ತದೆ. ಒಂದು ಮನೆ (ಫ್ರೆಟ್) ಮುಂದೆ ಹೋದರೆ ಅರ್ಧ ಸ್ವರ ಮೇಲೆ. ಹಾಡು ಎತ್ತರ ಆಯ್ತು ಅನಿಸಿದರೆ ಕೇಪೋ ಹಿಂದಕ್ಕೆ. ಅದು ಇಲ್ಲದೆಯೂ ಎತ್ತರ ಆದರೆ, ಜಿ ಆಕಾರ ಬಿಟ್ಟು ಡಿ ಆಕಾರದಿಂದ ಶುರು ಮಾಡಲಿ. ಆಗ ಎ ಬೇಕಾಗುತ್ತದೆ, ಅದು ಒಂದು ಸಂಜೆಯಲ್ಲಿ ಬರುತ್ತದೆ.

ಜಮಖಂಡಿ ಹಾರ್ಮೋನಿಯಂ ಕಾಕಾ
ಸರ್, ಮನೆಯಲ್ಲಿ ಯಾರಾದರೂ ಪೇಟಿ ನುಡಿಸೋರು ಇದ್ದರೆ? ಅವರು ಕಾಳಿ ಒಂದು, ಕಾಳಿ ಎರಡು ಅಂತಾರೆ, ಹುಡುಗನಿಗೆ ತಿಳಿಯಬೇಕಲ್ಲ.

ಟಿಳಕವಾಡಿ ತಂತಿ
ಒಳ್ಳೆ ಪ್ರಶ್ನೆ ಕಾಕಾ. ಕಾಳಿ ಒಂದು ಅಂದರೆ ಪೇಟಿಯ ಮೊದಲ ಕರಿ ಕೀ, ಸಿ ಶಾರ್ಪ್. ಸಿ ಆಕಾರ ಹಿಡಿದು ಕೇಪೋ ಒಂದನೇ ಮನೆಗೆ. ಕಾಳಿ ಎರಡು ಅಂದರೆ ಡಿ ಶಾರ್ಪ್. ಡಿ ಆಕಾರ ಹಿಡಿದು ಅದೇ ಒಂದನೇ ಮನೆ. ಪೇಟಿ, ಗಿಟಾರ್ ಎರಡೂ ಕೂಡಿದರೆ ಹುಡುಗನಿಗೆ ಆಸರೆ ಸಿಗುತ್ತದೆ.

ಬೀಳಗಿ ಬಿಸಿಲು
ಮಾಳಿಗೆ ಮೇಲೆ ಅಂದರೆ ಬಿಸಿಲು ನೆನಪಿರಲಿ. ಗಿಟಾರನ್ನು ಮಧ್ಯಾಹ್ನ ಕಾರಿನಲ್ಲಿ ಬಿಡಬೇಡಿ. ನಮ್ಮ ತಮ್ಮ ಬಿಟ್ಟಿದ್ದ, ತಂತಿ ಕಟ್ಟೋ ಸೇತುವೆಯ (ಬ್ರಿಜ್) ಅಂಟು ಬಿಟ್ಟು ಎದ್ದುಬಂತು. ತಂತಿ ಬಿಸಿಯಾದರೆ ಶ್ರುತಿ ಇಳಿಯುತ್ತದೆ. ಕೆಳಗೆ ಫ್ಯಾನಿನ ಕೆಳಗೆ ಶ್ರುತಿ ಮಾಡಿ ಮೇಲೆ ತಂದರೆ ಉಪಯೋಗ ಇಲ್ಲ. ಹಾಡೋ ಜಾಗದಲ್ಲೇ ಕಾಲು ಗಂಟೆ ಇಟ್ಟು ಆಮೇಲೆ ಮಾಡಲಿ. ಹೊಸ ತಂತಿ ಹಾಕೋದಿದ್ದರೆ ಒಂದು ವಾರ ಮೊದಲೇ ಹಾಕಿಬಿಡಿ.

ಅಥಣಿ ಅಂಚು
ನಾನು ಸೌಂಡ್ ಸಿಸ್ಟಂ ಕೆಲಸ ಮಾಡಿದವನು, ಇದನ್ನು ಹೇಳಲೇಬೇಕು. ಒಂದೇ ಮೈಕ್ ಕೊಟ್ಟರೆ ಗಿಟಾರ್ ಕೇಳಲ್ಲ. ಎರಡು ಬೇಕು, ಒಂದು ಬಾಯಿಗೆ, ಒಂದು ಗಿಟಾರಿಗೆ. ಗಿಟಾರಿನ ಮೈಕನ್ನು ದುಂಡನೆಯ ತೂತಿಗೆ ನೇರ ಹಿಡಿಯಬೇಡಿ, ಗುಂಯ್ ಅನ್ನುತ್ತದೆ. ಕುತ್ತಿಗೆ ಬಂದು ಸೇರೋ ಜಾಗಕ್ಕೆ ತಿರುಗಿಸಿ. ಸ್ಪೀಕರ್ ಹುಡುಗನ ಹಿಂದೆ ಇರಬಾರದು, ಸೀಟಿ ಹೊಡೆಯುತ್ತದೆ. ಅವನಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇಡಿ. ರಾತ್ರಿ 10ರ ಮೇಲೆ ಬಯಲಿನಲ್ಲಿ ಸ್ಪೀಕರ್ ಹಾಕುವಂತಿಲ್ಲ. ಅದಕ್ಕೆ ಹುಡುಗನ ಹಾಡು ಊಟಕ್ಕೆ ಮುಂಚೆ ಮುಗಿಸಿ.

ನವನಗರದ ಚಿಗವ್ವ
ಊಟಕ್ಕೆ ಮುಂಚೆ, ಹೌದು. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಅಡುಗೆಯವರಿಗೂ ಹೇಳಿಬಿಡುತ್ತೇನೆ, ಹಾಡು ಮುಗಿಯೋ ತನಕ ಎಲೆ ಹಾಕಬಾರದು.

ಗೋಳಗುಮ್ಮಟದ ಪಾರಿವಾಳ
ಅಕ್ಕಾ, ಒಂದು ಕೇಳಲಾ? ಅವ್ವ ಏನು ಹಾಡ್ತಾರೆ? ನಾವೆಲ್ಲ ಹಾಡು ಹೇಳ್ತಿದ್ದೇವೆ, ಅವರನ್ನು ಯಾರಾದರೂ ಕೇಳಿದ್ದೀರಾ? ನಮ್ಮ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೇಳಿ ಹಾಡು ಬರೆದುಕೊಂಡರು. ಅದೇ ಗರತಿಯ ಹಾಡು. ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳು. ಮೂರೇ ಸಾಲು. 80 ವರ್ಷದವರ ಬಾಯಲ್ಲಿ ಒಂದೆರಡಾದರೂ ಇದ್ದೇ ಇರುತ್ತವೆ. ಮೊಮ್ಮಗ ಎರಡು ಕಾರ್ಡ್ ಹಿಡಿದು ಅದನ್ನೇ ಹಾಡಿದರೆ?

ಮುಧೋಳ ಮಣ್ಣು
ಇದು ಮಾತು ಅಂದರೆ.

ಟಿಳಕವಾಡಿ ತಂತಿ
ಎರಡು ಕಾರ್ಡ್ ಬೇಡ, ಒಂದೇ ಸಾಕು. ಏಕತಾರಿಯ ಹಾಗೆ ಒಂದೇ ಕಾರ್ಡ್ ಮೀಟುತ್ತಾ ಇರಲಿ, ಅವರು ಹಾಡಲಿ. ಅವರ ನಡೆಯ ಹಿಂದೆ ಹುಡುಗ ಹೋಗಬೇಕು, ಅವನ ತಾಳಕ್ಕೆ ಅವರನ್ನು ಎಳೆಯಬಾರದು.

ಬೀಳಗಿ ಬಿಸಿಲು
ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಿಂದಿ ಸಿನಿಮಾ ಕಿಸ್ಮತ್‌ನಲ್ಲಿ ಹಾಡಿದರು. ಸುಳೇಭಾವಿಯ ಕುಮಾರ ಗಂಧರ್ವರು ಇನ್ನೂ ಬಾಲಕರಿದ್ದಾಗಲೇ ದೊಡ್ಡ ಸಭೆಯಲ್ಲಿ ಹಾಡಿ ಹೆಸರಾದರು. ಈ ಮಣ್ಣಿನಲ್ಲಿ ದನಿ ಇದೆ ಅಕ್ಕಾ. ಹುಡುಗನಿಗೆ ಇದನ್ನು ಹೇಳಿ.

ಇಳಕಲ್ ಸೆರಗು
ಕುಮಾರ ಗಂಧರ್ವರ ಹೆಸರು ಹೇಳಿ ಹುಡುಗನನ್ನು ಹೆದರಿಸಬೇಡಿ. ಚೆನ್ನಾಗಿ ಹಾಡ್ತೀಯಪ್ಪಾ ಅಂದರೆ ಸಾಕು.

ನವನಗರದ ಚಿಗವ್ವ
ಐದು ದಿನ ಆಯ್ತು, ಉತ್ತರ ಕೊಡೋಕೆ ತಡ ಆಯ್ತು, ಕ್ಷಮಿಸಿ. ನಿನ್ನೆ ಸಂಜೆ ನಡೆದದ್ದು ಹೇಳುತ್ತೇನೆ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೇಡ ಅಂದರೂ ಕೇಳಲ್ಲ, ದಿನಕ್ಕೆ ಎರಡಾದರೂ ತಾನೇ ಬಡಿಯಬೇಕು. ಹುಡುಗ ಹೊಸ್ತಿಲ ಮೇಲೆ ಕೂತು ಕೋಡಗನ ಕೋಳಿ ಅಭ್ಯಾಸ ಮಾಡುತ್ತಿದ್ದ. ಕೇಪೋ ತೆಗೆದು ಶ್ರುತಿ ಇಳಿಸಿದ ಮೇಲೆ ದನಿ ಎಲ್ಲೂ ಸೀಳಲಿಲ್ಲ. ಎರಡನೇ ಸಲ ಪಲ್ಲವಿ ಬಂದಾಗ ಅವ್ವ ಹಿಟ್ಟಿನ ಕೈಯಲ್ಲೇ 'ನುಂಗಿತ್ತ' ಅಂದಳು. ಅವನು ತಲೆ ಎತ್ತಿ ನೋಡಿದ.

ನಾನು ಆಗ ಕೇಳಿದೆ, "ಯವ್ವಾ, ಬೀಸುವಾಗ ಏನು ಹಾಡ್ತಿದ್ದಿ?" ಮೊದಲು ಮರೆತಿದೆ ಅಂದಳು. ಆಮೇಲೆ ರೊಟ್ಟಿ ತಿರುವುತ್ತ ಒಂದು ಶುರು ಮಾಡಿದಳು. ನಮ್ಮ ಮುಳುಗಿದ ಊರಿನ ಹನುಮಪ್ಪನ ಮೇಲಿನ ಪದ. ನಾನು ಈ ವಯಸ್ಸಿನವರೆಗೆ ಅದನ್ನು ಕೇಳಿರಲಿಲ್ಲ. ಹುಡುಗ ಜಿ ಹಿಡಿದು ನೋಡಿದ, ಕೂಡಲಿಲ್ಲ. ಡಿ ಹಿಡಿದ, ಕೂಡಲಿಲ್ಲ. ಕೇಪೋ ಎರಡನೇ ಮನೆಗೆ ಹಾಕಿ ಮತ್ತೆ ಡಿ ಹಿಡಿದಾಗ ಅವಳ ದನಿಗೆ ಸರಿಯಾಗಿ ಕೂತಿತು. ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಯಾರೂ ತೆಗೆಯಲಿಲ್ಲ.

ಪಟ್ಟಿ ಹೀಗಾಗಿದೆ. ಮೊದಲು ಭಾಗ್ಯದ ಲಕ್ಷ್ಮೀ, ಆಮೇಲೆ ಕೋಡಗನ ಕೋಳಿ, ಆಮೇಲೆ ಬೆಳಗೆದ್ದು, ಅವ್ವನ ಪದ, ಕೊನೆಗೆ ಬೊಂಬೆ. ಇನ್ನೊಂದು ವಿಷಯ. ಇಲ್ಲಿ ಮುದುಕಿ ಪದದ ಜಗಳ ಆಯ್ತಲ್ಲ, ಅದನ್ನು ಅವ್ವನಿಗೆ ಓದಿ ಹೇಳಿದೆ. "ನನ್ನ ಬಿಟ್ಟು ಆ ಪದ ಇನ್ಯಾರ ಮುಂದ ಹಾಡ್ತೀರಿ, ಹಾಡಲಿ ಬಿಡು" ಅಂದಳು. ಈಗ ಏನು ಮಾಡಲಿ?

ಗೋಕಾಕ ಗಾಳಿ
ಅವ್ವನೇ ಹೇಳಿದ ಮೇಲೆ ಮುಗೀತು. ಕೋಡಗನ ಕೋಳಿ ಆದ ತಕ್ಷಣ ಇಡಿ.

ಇಳಕಲ್ ಸೆರಗು
ಅವರೇ ಕೇಳಿದರೆ ನನ್ನದೇನೂ ತಕರಾರಿಲ್ಲ. ಆದರೆ ಹಾಡೋ ಮುಂಚೆ ಹುಡುಗ "ಅಜ್ಜಿ ಕೇಳಿದ್ದಾಳೆ, ಅದಕ್ಕೆ ಹಾಡ್ತೀನಿ" ಅಂತ ಮೈಕಿನಲ್ಲಿ ಒಂದು ಮಾತು ಹೇಳಲಿ. ಸೊಲ್ಲಾಪುರದವರಿಗೆ ತಿಳಿಯಬೇಕಲ್ಲ.

ಜಮಖಂಡಿ ಹಾರ್ಮೋನಿಯಂ ಕಾಕಾ
ತಂಗೀ, ಆ ಹನುಮಪ್ಪನ ಪದ ಇವತ್ತೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೋ. ಸಮಾರಂಭದ ತನಕ ಕಾಯಬೇಡ. ಪೇಟಿಯವರು ಯಾರೂ ಸಿಗದಿದ್ದರೆ ಹೇಳು, ಜಮಖಂಡಿಯಿಂದ ನವನಗರ ಏನು ದೂರ ಅಲ್ಲ.